‘ಎಲ್ಲರನ್ನೂ ತಳ್ಳುತ್ತಾನೆ’: ನಾಲ್ಕನೇ ತರಗತಿಯ ಒಂದು ಪ್ರಕರಣ ಅಧ್ಯಯನ

ನಾಲ್ಕನೇ ತರಗತಿ, 34 ಮಕ್ಕಳು, ಒಬ್ಬರೇ ತರಗತಿ ಶಿಕ್ಷಕಿ. ಒಂಬತ್ತು ವರ್ಷದ ಒಬ್ಬ ಹುಡುಗನ ಬಗ್ಗೆ ಶಿಕ್ಷಕರ ಕೊಠಡಿಯಲ್ಲಿ ಮೂರು ಮಾತು ಚಾಲ್ತಿಯಲ್ಲಿದ್ದವು: ಜಗಳಗಂಟ, ಹಟಮಾರಿ, ಗುಂಪಿಗೆ ಒಗ್ಗುವುದಿಲ್ಲ. ಓದು ಬರಹ ಸಾಧಾರಣ, ಲೆಕ್ಕದಲ್ಲಿ ಚುರುಕು. ಪಾಲಕರನ್ನು ಕರೆಸೋಣ ಎಂಬ ಮಾತು ಬಂದಾಗ, ಕರೆಸಿ ಅವರ ಮುಂದೆ ಏನು ಹೇಳುವುದು ಎಂಬ ಪ್ರಶ್ನೆಯೂ ಎದ್ದಿತು. ದಿನಕ್ಕೆ ಎಷ್ಟು ಸಲ, ಯಾವ ಹೊತ್ತಿನಲ್ಲಿ, ಏನು ನಡೆದ ಮೇಲೆ ಎಂದು ಅವರು ಕೇಳಿದರೆ ಯಾರ ಬಳಿಯೂ ಉತ್ತರವಿರಲಿಲ್ಲ.

(ಈ ಹುಡುಗ ಯಾವುದೋ ಒಂದು ಶಾಲೆಯ ನಿಜವಾದ ಮಗುವಲ್ಲ. ತರಗತಿಗಳಲ್ಲಿ ಮತ್ತೆ ಮತ್ತೆ ಕಾಣುವ ಸಂದರ್ಭಗಳನ್ನು ಸೇರಿಸಿ, ಶಿಕ್ಷಕರ ಅಭ್ಯಾಸಕ್ಕೆಂದು ರೂಪಿಸಿದ ಪ್ರಕರಣ ಇದು. ಸಂಖ್ಯೆಗಳು ಲೆಕ್ಕ ಹಿಡಿಯುವ ಕ್ರಮವನ್ನು ತೋರಿಸಲು ಕೊಟ್ಟವು.)

ಇಲ್ಲಿ ಬಳಸಿದ್ದೆಲ್ಲ ಅನೌಪಚಾರಿಕ ವಿಧಾನಗಳು. ಪ್ರಮಾಣೀಕೃತ ಪರೀಕ್ಷೆ ಇಲ್ಲ, ಹೊರಗಿನ ತಜ್ಞರಿಲ್ಲ, ಪಾಠ ನಿಲ್ಲಿಸುವಂತೆಯೂ ಇಲ್ಲ. ಒಂದು ನೋಟ್‌ಬುಕ್, ಪೆನ್ಸಿಲ್, ಗಡಿಯಾರ ಇಷ್ಟೇ ಸಾಮಗ್ರಿ. ಒಂದು ವಾರಕ್ಕೆ ಒಂದೇ ಹೊಸ ವಿಧಾನ ಎಂಬುದು ಮೊದಲೇ ಮಾಡಿಕೊಂಡ ಕಟ್ಟುಪಾಡು. ಮೊದಲ ದಿನವೇ ಐದು ನಮೂನೆ ತುಂಬಲು ಹೊರಟರೆ ಮೂರನೇ ದಿನಕ್ಕೆ ಎಲ್ಲವೂ ನಿಂತುಹೋಗುತ್ತದೆ.

ದೂರಿನಿಂದ ವರ್ತನೆಗೆ

‘ಜಗಳಗಂಟ’ನನ್ನು ಎಣಿಸಲು ಬರುವುದಿಲ್ಲ. ಕಣ್ಣಿಗೆ ಕಾಣುವ, ಇಬ್ಬರು ನೋಡಿದರೆ ಇಬ್ಬರೂ ಒಪ್ಪುವ ವರ್ತನೆಯೊಂದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಶಿಕ್ಷಕಿ ಬರೆದುಕೊಂಡ ವ್ಯಾಖ್ಯೆ ಹೀಗಿತ್ತು: ‘ಜಾಗಕ್ಕಾಗಿ ಅಥವಾ ವಸ್ತುವಿಗಾಗಿ ಕೈ, ಮೊಣಕೈ, ಭುಜ ಅಥವಾ ಕಾಲಿನಿಂದ ಇನ್ನೊಂದು ಮಗು ಕದಲುವಷ್ಟು ಬಲ ಹಾಕುವುದು, ಇಲ್ಲವೇ ಕೇಳದೆ ಕೈಯಿಂದ ವಸ್ತು ಎಳೆದುಕೊಳ್ಳುವುದು.’ ಏನು ಸೇರುವುದಿಲ್ಲ ಎಂಬುದನ್ನೂ ಕೆಳಗೆ ಬರೆದರು: ಆಟದ ನಿಯಮದೊಳಗಿನ ಮುಟ್ಟುವಿಕೆ, ಬಾಯಿಮಾತಿನ ಜಗಳ, ಮುಖ ಸಿಂಡರಿಸುವುದು. ಈ ಎರಡನೇ ಸಾಲು ಬರೆಯದವರೇ ಹೆಚ್ಚು. ಅದಿಲ್ಲದಿದ್ದರೆ ಬೇಸರದ ದಿನ ಬೈಗುಳವೂ ಲೆಕ್ಕಕ್ಕೆ ಬರುತ್ತದೆ, ಒಳ್ಳೆಯ ದಿನ ಮೊಣಕೈ ತಿವಿತವೂ ಬಿಟ್ಟುಹೋಗುತ್ತದೆ.

ಎಣಿಸಿದ ಬಗೆ ಸರಳ. ಬಲಜೇಬಿನಲ್ಲಿ ಹತ್ತು ಪೇಪರ್ ಕ್ಲಿಪ್. ಒಂದು ಘಟನೆ ಕಂಡರೆ ಒಂದು ಕ್ಲಿಪ್ ಎಡಜೇಬಿಗೆ. ಅವಧಿ ಮುಗಿದ ಕೂಡಲೇ ಎಡಜೇಬಿನ ಸಂಖ್ಯೆಯನ್ನು ವೇಳಾಪಟ್ಟಿಯ ಪ್ರತಿಯೊಂದರಲ್ಲಿ ಆಯಾ ಮನೆಯೊಳಗೆ ಬರೆದು ಕ್ಲಿಪ್‌ಗಳನ್ನು ಮರಳಿ ಬಲಕ್ಕೆ ಹಾಕುವುದು. ದಿನದ ಕೊನೆಗೆ ಒಟ್ಟಿಗೆ ಬರೆಯುವೆ ಎಂದರೆ ಯಾವ ಅವಧಿಯ ಕ್ಲಿಪ್ ಯಾವುದು ಎಂಬುದೇ ತಿಳಿಯುವುದಿಲ್ಲ.

ಜೊತೆಗೆ ಇನ್ನೊಂದು ಕಾಲಂ ಇತ್ತು, ಈ ಪ್ರಕರಣದಲ್ಲಿ ಹೆಚ್ಚು ಕೆಲಸಕ್ಕೆ ಬಂದದ್ದು ಅದೇ: ಶಿಕ್ಷಕಿ ಕಂಡ ಘಟನೆ ಬೇರೆ, ಮಕ್ಕಳು ಬಂದು ಹೇಳಿದ ದೂರು ಬೇರೆ. ಐದು ದಿನಗಳಲ್ಲಿ ಕಂಡವು 14, ದೂರುಗಳು 11. ದೂರುಗಳಲ್ಲಿ ಆರು ಮಾತ್ರ ಶಿಕ್ಷಕಿ ಕಂಡ ಘಟನೆಗಳಿಗೆ ತಾಳೆಯಾದವು. ಉಳಿದ ಐದರಲ್ಲಿ ಎರಡು ಸಲ ತಳ್ಳಿದ್ದು ಬೇರೆ ಮಗು ಎಂಬುದನ್ನು ಶಿಕ್ಷಕಿಯೇ ನೋಡಿದ್ದರು. ಹೆಸರು ಕೆಟ್ಟ ಮಗುವಿನ ಮೇಲೆ ದೂರು ಹೇಳುವುದು ಸುಲಭ. ದೂರಿನ ಎಣಿಕೆ ವರ್ತನೆಯ ಜೊತೆಗೆ ಆ ಹೆಸರನ್ನೂ ಅಳೆಯುತ್ತದೆ. ಎರಡನ್ನೂ ಒಂದೇ ಕಾಲಂಗೆ ಸುರಿದಿದ್ದರೆ, ತಾಳೆಯಾದ ಆರನ್ನು ಒಮ್ಮೆಯೇ ಎಣಿಸಿದರೂ 19 ಎಂಬ ಸಂಖ್ಯೆ ಪಾಲಕರ ಮುಂದೆ ಹೋಗುತ್ತಿತ್ತು.

ವೇಳಾಪಟ್ಟಿಯ ಮೇಲೆ ಹರಡಿ ನೋಡಿದಾಗ 14 ಘಟನೆಗಳು ಹೀಗೆ ಬಿದ್ದಿದ್ದವು: ಗುಂಪು ಚಟುವಟಿಕೆಯಲ್ಲಿ 6, ಸಾಲು ಕಟ್ಟುವಾಗ 3, ಆಟದ ಬಿಡುವಿನಲ್ಲಿ 4, ಬೇರೆಡೆ 1. ಒಬ್ಬೊಬ್ಬರೇ ಕೂತು ಮಾಡುವ ಕೆಲಸದಲ್ಲಿ ಒಂದೂ ಇಲ್ಲ. ಗುಂಪು ಚಟುವಟಿಕೆಯ ಆರರಲ್ಲಿ ಐದು, ಚಟುವಟಿಕೆ ಶುರುವಾದ ಮೊದಲ ಐದು ನಿಮಿಷಗಳಲ್ಲೇ ನಡೆದಿದ್ದವು. ‘ದಿನವಿಡೀ ಇದೇ ಕತೆ’ ಎಂಬ ಮಾತಿಗೆ ಆಧಾರ ಸಿಗಲಿಲ್ಲ.

ಒಂದು ಘಟನೆ, ಎರಡು ದಾಖಲೆ

ಎಣಿಕೆ ಎಲ್ಲಿ, ಎಷ್ಟು ಎಂಬುದನ್ನು ಹೇಳಿತು. ಏಕೆ ಎಂಬುದಕ್ಕೆ ಘಟನಾ ದಾಖಲೆ ಬೇಕಾಯಿತು: ಮೊದಲು ಏನಿತ್ತು, ಮಗು ಏನು ಮಾಡಿತು, ಆಮೇಲೆ ಏನಾಯಿತು. ವರ್ತನೆಯನ್ನು ಹೀಗೆ ಮೂರು ಭಾಗ ಮಾಡಿ ಸಹಜ ಸನ್ನಿವೇಶದಲ್ಲೇ ಬರೆದುಕೊಳ್ಳುವ ಕ್ರಮವನ್ನು ಬಿಜೂ, ಪೀಟರ್ಸನ್ ಮತ್ತು ಆಲ್ಟ್ ಎಂಬ ಸಂಶೋಧಕರು 1968ರಲ್ಲಿ ವಿವರಿಸಿದ್ದರು. ಶಾಲೆಗಳಲ್ಲಿ ಇಂದಿಗೂ ಬಳಕೆಯಲ್ಲಿರುವುದು ಬಹುಮಟ್ಟಿಗೆ ಅದೇ.

ಆ ತರಗತಿಯ ಹಳೆಯ ನೋಟ್‌ಬುಕ್‌ನಲ್ಲಿದ್ದ ದಾಖಲೆ: ‘ಇವತ್ತೂ ಸುಮ್ಮಸುಮ್ಮನೆ ಜಗಳ ತೆಗೆದ. ಯಾರ ಮಾತೂ ಕೇಳುವುದಿಲ್ಲ. ಹಟ ಜಾಸ್ತಿ.’ ಇದರಲ್ಲಿ ನಡೆದದ್ದು ಏನೆಂಬುದೇ ಇಲ್ಲ. ‘ಸುಮ್ಮಸುಮ್ಮನೆ’ ಎಂದರೆ ಬರೆದವರಿಗೆ ಹಿಂದಿನ ಎರಡು ನಿಮಿಷ ಕಂಡಿಲ್ಲ ಎಂದಷ್ಟೇ ಅರ್ಥ.

ಹೊಸ ಕ್ರಮದಲ್ಲಿ ಬರೆದದ್ದು:

‘ಮಂಗಳವಾರ, 11.20, ವಿಜ್ಞಾನ. ಐದು ಮಕ್ಕಳ ಗುಂಪು, ನೆಲದ ಮೇಲೆ ಒಂದು ಚಾರ್ಟ್ ಹಾಳೆ, ನಾಲ್ಕು ಸ್ಕೆಚ್ ಪೆನ್. ನಾಲ್ವರು ಹಾಳೆಯ ಸುತ್ತ ಕೂತರು. ಇವನು ಹಿಂದೆ ನಿಂತು ಸುಮಾರು ಎರಡು ನಿಮಿಷ ನೋಡಿದ. “ಅದು ಹಂಗಲ್ಲ, ಬಾಣ ಈ ಕಡೆ ಬರಬೇಕು” ಅಂದ. ಯಾರೂ ತಿರುಗಲಿಲ್ಲ. ಮತ್ತೊಮ್ಮೆ ಅಂದ. ಇಬ್ಬರ ನಡುವೆ ಮೊಣಕಾಲು ತೂರಿಸಿ, ಎಡಗಡೆಯವಳ ಕೈಯಿಂದ ಪೆನ್ ಎಳೆದುಕೊಂಡ. ಅವಳು “ಮಿಸ್, ನೋಡಿ ಇವನು” ಎಂದು ಕೂಗಿದಳು. ಅವನನ್ನು ಎಬ್ಬಿಸಿ ನನ್ನ ಮೇಜಿನ ಪಕ್ಕ ಕೂರಿಸಿದೆ. ಅಲ್ಲಿ ಕೇಳಿದಾಗ ಚಿತ್ರದಲ್ಲಿನ ತಪ್ಪನ್ನು ಸರಿಯಾಗಿ ಹೇಳಿದ. ಅವಧಿ ಮುಗಿಯುವವರೆಗೂ ಅಲ್ಲೇ ಇದ್ದ.’

ಎಂಟೊಂಬತ್ತು ಸಾಲು, ಬರೆಯಲು ನಾಲ್ಕೈದು ನಿಮಿಷ. ವಿಶೇಷಣ ಒಂದೂ ಇಲ್ಲ. ಮಗುವಿನ ಮಾತು ಅದರದೇ ಬಾಯಿಯಲ್ಲಿದೆ. ಶಿಕ್ಷಕಿ ಏನು ಮಾಡಿದರು ಎಂಬುದೂ ಇದೆ, ಏಕೆಂದರೆ ಅದು ವರ್ತನೆಯ ನಂತರದ ಭಾಗ. ಅನಿಸಿಕೆ ಬರೆಯಲೇಬೇಕು ಅನಿಸಿದರೆ ಪುಟದ ಎಡಬದಿಯಲ್ಲಿ ಬೇರೆ ಬಣ್ಣದಲ್ಲಿ ಬರೆಯಬೇಕು, ಒಂದು ವಾರ ಬಿಟ್ಟು ಓದಬೇಕು. ಸ್ಥಳದಲ್ಲಿ ಬರೆಯಲು ಆಗದಿದ್ದರೆ ನಾಲ್ಕು ಪದ ಗೀಚಿಕೊಂಡು ಅದೇ ದಿನ ಪೂರ್ತಿ ಮಾಡಬೇಕು. ಮರುದಿನಕ್ಕೆ ಬಿಟ್ಟರೆ ನೆನಪಿನ ತುಂಬ ಜಗಳ ಮಾತ್ರ ಉಳಿದು, ಆ ಎರಡು ನಿಮಿಷದ ನಿಲುವು ಮಾಯವಾಗಿರುತ್ತದೆ.

ಪ್ರತಿ ಘಟನೆಯ ದಾಖಲೆಗೆ ಸಮನಾಗಿ ಏನೂ ನಡೆಯದ ಹೊತ್ತಿನ ಒಂದು ದಾಖಲೆಯೂ ಇರಬೇಕು ಎಂಬ ನಿಯಮವನ್ನು ಶಿಕ್ಷಕಿ ಹಾಕಿಕೊಂಡರು. ಇಲ್ಲವಾದರೆ ನೋಟ್‌ಬುಕ್ ಚಾರ್ಜ್‌ಶೀಟ್ ಆಗಿಬಿಡುತ್ತದೆ. ಹೀಗೆ ಬರೆದ ‘ಖಾಲಿ’ ದಾಖಲೆಯೊಂದರಿಂದಲೇ ತಿಳಿದದ್ದು: ಲೆಕ್ಕದ ಅವಧಿಯಲ್ಲಿ ಪಕ್ಕದವನಿಗೆ ರಬ್ಬರ್ ಕೊಟ್ಟು, ಅವನು ತಪ್ಪಾಗಿ ಬರೆದ ಹೆಜ್ಜೆಯನ್ನು ಬೆರಳಿಟ್ಟು ತೋರಿಸಿದ್ದ, ತಳ್ಳಾಟ ಇರಲಿಲ್ಲ.

ಎರಡು ನಿಮಿಷಕ್ಕೊಂದು ನೋಟ

ಗುಂಪಿನೊಳಗೆ ಅವನು ಉಳಿದ ಹೊತ್ತೆಲ್ಲ ಏನು ಮಾಡುತ್ತಾನೆ? ಇದಕ್ಕೆ ಕ್ಷಣಿಕ ಕಾಲಮಾದರಿ ತಕ್ಕ ವಿಧಾನ. 20 ನಿಮಿಷದ ಚಟುವಟಿಕೆ. ಪ್ರತಿ ಎರಡು ನಿಮಿಷಕ್ಕೊಮ್ಮೆ ತಲೆ ಎತ್ತಿ, ಆ ಕ್ಷಣ ಮಗು ಏನು ಮಾಡುತ್ತಿದೆಯೋ ಅದಕ್ಕೆ ಒಂದು ಅಕ್ಷರ: ‘ಕೆ’ ಅಂದರೆ ಕೆಲಸದಲ್ಲಿ, ‘ನೋ’ ಅಂದರೆ ಬರೀ ನೋಡುತ್ತ, ‘ಬೇ’ ಅಂದರೆ ಬೇರೇನೋ. ಕೂಡಲೇ ಇನ್ನೊಂದು ಮಗುವನ್ನೂ ನೋಡಿ ಅದಕ್ಕೂ ಒಂದು ಅಕ್ಷರ. ಆ ಇನ್ನೊಂದು ಮಗು ಯಾರು ಎಂಬುದನ್ನು ಹಾಜರಿ ಪುಸ್ತಕದ ಕ್ರಮದಲ್ಲಿ ತೆಗೆದುಕೊಳ್ಳಬೇಕು. ಕೈಗೆ ಬಂದವರನ್ನು ಆರಿಸಿದರೆ ಶಿಕ್ಷಕರ ಕಣ್ಣು ಜಾಣಮರಿಯ ಮೇಲೆಯೇ ಹೋಗುತ್ತದೆ, ಆಗ ಯಾವ ಮಗುವೂ ಹೋಲಿಕೆಯಲ್ಲಿ ಕೆಟ್ಟದ್ದೇ.

ಮೂರು ಅವಧಿ, 30 ನೋಟ. ಈ ಹುಡುಗ: ಕೆ 11, ನೋ 14, ಬೇ 5. ಉಳಿದ ಮಕ್ಕಳು: ಕೆ 22, ನೋ 5, ಬೇ 3. ಎಲ್ಲರೂ ‘ಗಲಾಟೆ’ ನಿರೀಕ್ಷಿಸಿದ್ದರು. ಸಿಕ್ಕಿದ್ದು ಅಂಚಿನಲ್ಲಿ ನಿಂತು ನೋಡುವ ಹುಡುಗ.

ತಳ್ಳುವಿಕೆಯನ್ನು ಈ ವಿಧಾನದಿಂದ ಹಿಡಿಯಲು ಹೋಗಬಾರದು. ಎರಡು ಸೆಕೆಂಡಿನ ಘಟನೆ ಎರಡು ನಿಮಿಷದ ಜಾಲರಿಯಲ್ಲಿ ಸೋರಿಹೋಗುತ್ತದೆ. ಆ ಎರಡು ನಿಮಿಷದ ಅಂತರದೊಳಗೆ ಒಮ್ಮೆಯಾದರೂ ನಡೆದರೆ ಗುರುತು ಹಾಕುವ ಇನ್ನೊಂದು ಪದ್ಧತಿ ವರ್ತನೆಯ ಹೊತ್ತನ್ನು ಹಿಗ್ಗಿಸಿ ತೋರಿಸುತ್ತದೆ. ಆ ಅಂತರದುದ್ದಕ್ಕೂ ನಡೆದರೆ ಮಾತ್ರ ಗುರುತು ಹಾಕುವ ಪದ್ಧತಿ ಕುಗ್ಗಿಸುತ್ತದೆ. ವಿಧಾನ ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ, ಹಾಗಾಗಿ ಮೊದಲಿನದಕ್ಕೂ ನಂತರದ್ದಕ್ಕೂ ಒಂದೇ ವಿಧಾನ ಇರಲಿ.

ಒಂದು ಅವಧಿಯಲ್ಲಿ ಪಕ್ಕದ ತರಗತಿಯ ಶಿಕ್ಷಕರೂ ಕೂತು ಪ್ರತ್ಯೇಕವಾಗಿ ಗುರುತು ಹಾಕಿದರು. ಹುಡುಗನ ಹತ್ತು ನೋಟಗಳಲ್ಲಿ ಏಳು ಹೊಂದಿದವು, 70 ಶೇಕಡಾ. ರೂಢಿಯಲ್ಲಿ 80 ಶೇಕಡಾ ಇದ್ದರೆ ಸಾಕು ಎನ್ನುತ್ತಾರೆ. ಹೊಂದದ ಮೂರೂ ‘ಕೆ’ ಮತ್ತು ‘ನೋ’ ನಡುವಿನವು: ಹಾಳೆ ನೋಡುತ್ತ ಯೋಚಿಸುತ್ತಿರುವ ಮಗು ಕೆಲಸದಲ್ಲಿದೆಯೇ? ವ್ಯಾಖ್ಯೆ ಬಿಗಿ ಮಾಡಿದರು: ಕಣ್ಣು ಹಾಳೆಯ ಮೇಲಿದ್ದು, ಕೈ ಏನನ್ನಾದರೂ ಮುಟ್ಟಿದ್ದರೆ ಅಥವಾ ಬಾಯಿ ಕೆಲಸದ ಮಾತಾಡುತ್ತಿದ್ದರೆ ‘ಕೆ’. ಹೊಸ ವ್ಯಾಖ್ಯೆಯೊಂದಿಗೆ ಇಬ್ಬರೂ ಮತ್ತೆ ಕೂತಾಗ ಹತ್ತರಲ್ಲಿ ಒಂಬತ್ತು. ಮೇಲೆ ಕೊಟ್ಟ 30 ನೋಟಗಳು ಆಮೇಲಿನವು. ಹಳೆಯ ವ್ಯಾಖ್ಯೆಯವನ್ನು ಸೇರಿಸಿಲ್ಲ.

‘ನೋಡುತ್ತ ನಿಲ್ಲುವುದು’ ಎಂದೊಡನೆ ಕೆಲವರಿಗೆ ಮಿಲ್ಡ್ರೆಡ್ ಪಾರ್ಟನ್ 1932ರಲ್ಲಿ ಕೊಟ್ಟ ಆಟದ ಆರು ವರ್ಗಗಳು ನೆನಪಾಗಬಹುದು; ಬರೀ ನೋಡುತ್ತಿರುವುದು ಅವುಗಳಲ್ಲೊಂದು. ಅವು ಶಾಲಾಪೂರ್ವ ಮಕ್ಕಳನ್ನು ನೋಡಿ ಮಾಡಿದವು. ಒಂಬತ್ತರ ಹುಡುಗನನ್ನು ಆ ಏಣಿಯ ಮೇಲೆ ಇಟ್ಟು ‘ಬೆಳವಣಿಗೆ ಹಿಂದುಳಿದಿದೆ’ ಎನ್ನುವುದು ತಪ್ಪು ಬಳಕೆ.

ಸಮಾಜಮಿತಿ: ಎಚ್ಚರದಿಂದ

ಯಾರು ಯಾರನ್ನು ಆರಿಸುತ್ತಾರೆ ಎಂದು ಕೇಳಿ ಗುಂಪಿನೊಳಗಿನ ಸಂಬಂಧ ತಿಳಿಯುವುದು ಸಮಾಜಮಿತಿ. ತರಗತಿಯಲ್ಲಿ ಅವನ ಸ್ಥಾನ ಏನು ಎಂದು ತಿಳಿಯಲು ಎರಡು ಪ್ರಶ್ನೆಗಳ ಚೀಟಿ: ಗುಂಪು ಕೆಲಸಕ್ಕೆ ಯಾರ ಜೊತೆ ಕೂರಲು ಇಷ್ಟ, ಆಟಕ್ಕೆ ಯಾರ ಜೊತೆ ಇಷ್ಟ; ತಲಾ ಮೂರು ಹೆಸರು. ‘ಯಾರು ಬೇಡ’ ಎಂದು ಕೇಳಲಿಲ್ಲ, ಕೇಳಲೂಬಾರದು. ಬಿಡುವಿನ ಹೊತ್ತಿಗೆ ಮಕ್ಕಳು ಆ ಪಟ್ಟಿಯನ್ನು ಪರಸ್ಪರ ಒಪ್ಪಿಸಿರುತ್ತಾರೆ. ಚೀಟಿಗಳನ್ನು ಶಿಕ್ಷಕಿಯೇ ಸಂಗ್ರಹಿಸಿದರು, ಮೇಜಿನ ಮೇಲೆ ಬಿಡಲಿಲ್ಲ. ಈ ವಿಧಾನವನ್ನು ರೂಪಿಸಿದ ಜೇಕಬ್ ಮೊರೆನೊ, ಆಯ್ಕೆಗೆ ನಿಜವಾದ ಪರಿಣಾಮ ಇರಬೇಕು ಎನ್ನುತ್ತಿದ್ದರು. ಅದರಂತೆ ಮುಂದಿನ ವಾರದ ಆಸನ ವ್ಯವಸ್ಥೆಯಲ್ಲಿ ಪ್ರತಿ ಮಗುವಿಗೂ ತಾನು ಬರೆದವರಲ್ಲಿ ಒಬ್ಬರಾದರೂ ಸಿಗುವಂತೆ ನೋಡಿಕೊಂಡರು.

ಪ್ರತಿಯೊಬ್ಬರೂ ಮೂರು ಹೆಸರು ಬರೆದರೆ ಸರಾಸರಿ ಮಗುವಿಗೆ ಬರುವುದೂ ಮೂರೇ. ಇವನಿಗೆ ಕೆಲಸಕ್ಕೆ 0, ಆಟಕ್ಕೆ 2. ಆ ಎರಡರಲ್ಲಿ ಒಂದು ಅವನೂ ಆರಿಸಿದ್ದ ಹುಡುಗನದು. ಶೂನ್ಯ ಕಂಡೊಡನೆ ‘ತಿರಸ್ಕೃತ ಮಗು’ ಎಂದು ಬರೆಯುವುದು ಬಹಳ ಸಾಮಾನ್ಯವಾದ ತಪ್ಪು. ಬೇಡವೆನಿಸಿದ ಮಗುವಿಗೂ ಶೂನ್ಯ ಬರುತ್ತದೆ, ಯಾರ ಗಮನಕ್ಕೂ ಬಾರದ ಮಗುವಿಗೂ ಶೂನ್ಯವೇ. ಬೇಕು, ಬೇಡ ಎರಡನ್ನೂ ಕೇಳಿದ ಅಧ್ಯಯನಗಳಿಂದಷ್ಟೇ ಆ ವಿಂಗಡಣೆ ಸಾಧ್ಯ. 1982ರಲ್ಲಿ ಕೋಯಿ, ಡಾಜ್ ಮತ್ತು ಕೊಪೊಟೆಲ್ಲಿ ಮಾಡಿದ ವರ್ಗೀಕರಣ ಹಾಗೆ ಬಂದದ್ದು. ತರಗತಿಯ ಚೀಟಿಗೆ ಆ ಶಕ್ತಿ ಇಲ್ಲ. ಕೆಲಸಕ್ಕೂ ಆಟಕ್ಕೂ ವ್ಯತ್ಯಾಸವಿದೆ ಎಂಬಷ್ಟನ್ನು ಮಾತ್ರ ಇದರಿಂದ ತೆಗೆದುಕೊಂಡರು.

‘ಸರದಿ ಕಾಯುತ್ತಾನೆ’ ಎಂಬ ಒಂದೇ ಅಂಶಕ್ಕೆ 1ರಿಂದ 4ರ ಅಳತೆಯಲ್ಲಿ ಮೂವರು ಶಿಕ್ಷಕರು ಅಂಕ ಕೊಟ್ಟರು: ತರಗತಿ ಶಿಕ್ಷಕಿ 1, ಚಿತ್ರಕಲೆ 2, ದೈಹಿಕ ಶಿಕ್ಷಣ 3. ಸರಾಸರಿ ತೆಗೆದು 2 ಎಂದು ಬರೆದಿದ್ದರೆ ಇದ್ದ ಮಾಹಿತಿಯೂ ಹೋಗುತ್ತಿತ್ತು. ಒಂದು ಗುಣದ ಬಗೆಗಿನ ಅಭಿಪ್ರಾಯ ಉಳಿದೆಲ್ಲ ಗುಣಗಳ ಅಂಕಕ್ಕೂ ಅಂಟುತ್ತದೆ ಎಂದು ಮನೋವಿಜ್ಞಾನಿ ಥಾರ್ನ್‌ಡೈಕ್ 1920ರಲ್ಲೇ ತೋರಿಸಿದ್ದರಿಂದ 1 ಎಂಬುದನ್ನು ಸ್ವಲ್ಪ ಅನುಮಾನದಿಂದ ನೋಡಬೇಕಿತ್ತು. 3 ಏಕೆ ಬಂತು ಎಂದು ಕೇಳಿದಾಗ ದೈಹಿಕ ಶಿಕ್ಷಕರ ಉತ್ತರ: ‘ಆಟದಲ್ಲಿ ಯಾರು ಎಲ್ಲಿ ನಿಲ್ಲಬೇಕು ಅಂತ ನಾನೇ ಮೊದಲು ಹೇಳಿರ್ತೀನಲ್ಲ.’

ಮಗುವಿನೊಂದಿಗಿನ ಮಾತುಕತೆ ಹತ್ತು ನಿಮಿಷಕ್ಕಿಂತ ಕಡಿಮೆ. ‘ಏಕೆ ತಳ್ಳಿದೆ?’ ಎಂದರೆ ಒಂದೋ ಮೌನ, ಇಲ್ಲವೇ ‘ಅವಳೇ ಮೊದಲು’. ಅದರ ಬದಲು ಕಡ್ಡಿ ಮನುಷ್ಯರ ಮೂರು ಚಿತ್ರ ಬರೆದು, ‘ಇದರಲ್ಲಿ ನೀನು ಯಾರು? ಈಗ ಏನಾಗ್ತಿದೆ? ಆಮೇಲೆ?’ ಎಂದು ಕೇಳಿದರು. ಅವನು ತನ್ನನ್ನು ಮೂರೂ ಚಿತ್ರದಲ್ಲಿ ವೃತ್ತದ ಹೊರಗೆ ತೋರಿಸಿ, ‘ಜಾಗ ಇರಲ್ಲ’ ಅಂದ. ಮನೆಯವರನ್ನು ಕೇಳಿದ್ದು ಎರಡೇ: ಮನೆಯಲ್ಲಿ ಯಾರ ಜೊತೆ ಆಡುತ್ತಾನೆ, ಕಿವಿ ಕಣ್ಣಿನ ತೊಂದರೆ ಏನಾದರೂ ಇದೆಯೇ. ಯಾರೂ ತಿರುಗದಿದ್ದುದಕ್ಕೆ ಅವನ ದನಿಯೋ ಶ್ರವಣವೋ ಕಾರಣವಿರಬಹುದು ಎಂಬುದನ್ನು ತಳ್ಳಿಹಾಕಲು ಎರಡನೆಯ ಪ್ರಶ್ನೆ. ತೊಂದರೆ ಇರಲಿಲ್ಲ.

ಎರಡು ಊಹೆ, ಆರು ಅವಧಿ

ಇಷ್ಟಾದ ಮೇಲೂ ಎರಡು ವಿವರಣೆ ಉಳಿದಿದ್ದವು. ಒಂದು, ಅವನಿಗೆ ಗುಂಪಿನೊಳಗೆ ಬರಬೇಕು, ಬರುವ ದಾರಿ ಗೊತ್ತಿಲ್ಲ. ಇನ್ನೊಂದು, ಅವನಿಗೆ ಎಲ್ಲರೆದುರು ಬರೆಯುವುದರಿಂದ ತಪ್ಪಿಸಿಕೊಳ್ಳಬೇಕು. ತಳ್ಳಿದರೆ ಶಿಕ್ಷಕಿಯ ಮೇಜಿಗೆ ಕಳಿಸುತ್ತಾರೆ, ಕೆಲಸ ತಪ್ಪುತ್ತದೆ. ಮೇಲಿನ ದಾಖಲೆ ಎರಡಕ್ಕೂ ಹೊಂದುತ್ತದೆ. ಇಲ್ಲಿಯೇ ನಿಂತು ತಮಗೆ ಹಿಡಿಸಿದ ವಿವರಣೆಯನ್ನು ಆರಿಸಿಕೊಳ್ಳುವುದು ಹೆಚ್ಚಿನ ವರದಿಗಳ ದೌರ್ಬಲ್ಯ.

ಪರೀಕ್ಷಿಸಲು ಆರು ಗುಂಪು ಅವಧಿಗಳನ್ನು ಮೂರು ಬಗೆಯಲ್ಲಿ, ಎರಡೆರಡು ಸಲ, ಕ್ರಮ ಕಲಸಿ ನಡೆಸಿದರು. ಎಂದಿನಂತೆ ‘ಗುಂಪು ಮಾಡ್ಕೊಳ್ಳಿ’ ಎಂದದ್ದು: ತಳ್ಳುವಿಕೆ 2 ಮತ್ತು 3. ಮೊದಲೇ ಜಾಗ ಮತ್ತು ಬರೆಯುವ ಅಗತ್ಯವಿಲ್ಲದ ಕೆಲಸ ಕೊಟ್ಟದ್ದು: 0 ಮತ್ತು 0. ಮೊದಲೇ ಜಾಗ ಮತ್ತು ಬರೆಯುವ ಕೆಲಸ ಕೊಟ್ಟದ್ದು: 0 ಮತ್ತು 1. ತಪ್ಪಿಸಿಕೊಳ್ಳುವುದೇ ಮುಖ್ಯ ಕಾರಣವಾಗಿದ್ದರೆ ಕೊನೆಯ ಬಗೆಯಲ್ಲಿ ಸಂಖ್ಯೆ ಏರಬೇಕಿತ್ತು. ಆರು ಅವಧಿ ತೆಳುವಾದ ಸಾಕ್ಷ್ಯ, ಆದರೆ ಮುಂದಿನ ತಿಂಗಳು ಏನು ಮಾಡಬೇಕು ಎಂದು ನಿರ್ಧರಿಸಲು ಸಾಕು. ಆ ಒಂದು ತಳ್ಳುವಿಕೆಯ ಕಾರಣಕ್ಕೆ ಬರವಣಿಗೆಯ ಮೇಲೆ ಪ್ರತ್ಯೇಕ ಗಮನ ಇಡುವುದೆಂದೂ ಗುರುತು ಹಾಕಿಕೊಂಡರು.

‘ಅದು ಹಂಗಲ್ಲ’ ಎಂಬ ಮಾತು ಇಲ್ಲಿ ಸುಳಿವು. ಮಾರ್ಥಾ ಪುಟಲ್ಲಾಝ್ ಮತ್ತು ಜಾನ್ ಗಾಟ್‌ಮನ್ 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗೆಳೆಯರ ನಡುವೆ ಅಷ್ಟಾಗಿ ಬೇಡಿಕೆ ಇಲ್ಲದ ಮಕ್ಕಳು ಆಡುತ್ತಿರುವ ಗುಂಪಿಗೆ ಸೇರುವಾಗ ಹೆಚ್ಚು ಭಿನ್ನಾಭಿಪ್ರಾಯ ತೋರಿಸುವುದು, ತಮ್ಮತ್ತ ಗಮನ ಸೆಳೆಯುವುದು ಕಂಡುಬಂದಿತ್ತು. ಹುಡುಗ ಹೇಳಿದ್ದು ಸರಿಯಾಗಿಯೇ ಇತ್ತು; ಒಳಗೆ ಬರುವ ಮೊದಲ ಮಾತಾಗಿ ಅದು ಕೆಲಸ ಮಾಡಲಿಲ್ಲ.

ನಾಲ್ಕು ವಾರ ಮಾಡಿದ್ದು ಎರಡೇ ಬದಲಾವಣೆ. ಗುಂಪು ಚಟುವಟಿಕೆಗೆ ಮೊದಲು ಎಲ್ಲ ಗುಂಪುಗಳಿಗೂ ಕೆಲಸದ ಚೀಟಿ: ಬರೆಯುವವರು, ಸಾಮಾನು ತರುವವರು, ಪರಿಶೀಲಿಸುವವರು, ಹೇಳುವವರು, ಸಮಯ ನೋಡುವವರು. ಜೊತೆಗೆ ಹುಡುಗನಿಗೆ ಮೂರು ಹೆಜ್ಜೆಯ ಅಭ್ಯಾಸ: ಪಕ್ಕದಲ್ಲಿ ಕೂರು, ಅವರು ಮಾಡುತ್ತಿರುವುದನ್ನು ಒಂದು ಮಾತಲ್ಲಿ ಹೇಳು, ‘ನಾನೇನು ಮಾಡ್ಲಿ?’ ಎಂದು ಕೇಳು. ತಪ್ಪು ತೋರಿಸುವುದೇನಿದ್ದರೂ ಆಮೇಲೆ. ಮೇಜಿನ ಪಕ್ಕ ಕೂರಿಸುವುದನ್ನು ನಿಲ್ಲಿಸಿದರು.

ಮರು ಎಣಿಕೆ

ಅದೇ ವ್ಯಾಖ್ಯೆ, ಅದೇ ಕ್ಲಿಪ್, ಅಷ್ಟೇ ಐದು ದಿನ. ಕಂಡ ಘಟನೆಗಳು 14ರಿಂದ 5ಕ್ಕೆ ಇಳಿದವು: ಗುಂಪಿನಲ್ಲಿ 1, ಆಟದಲ್ಲಿ 1, ಸಾಲಿನಲ್ಲಿ 3. ಗುಂಪಿನ 30 ನೋಟಗಳಲ್ಲಿ ‘ಕೆ’ 11ರಿಂದ 18ಕ್ಕೆ ಏರಿತು. ದೂರುಗಳು ಮಾತ್ರ 11ರಿಂದ 8ಕ್ಕೆ. ವರ್ತನೆ ಬದಲಾದಷ್ಟು ಬೇಗ ಹೆಸರು ಬದಲಾಗುವುದಿಲ್ಲ, ದೂರಿನ ಕಾಲಂ ಒಂದನ್ನೇ ನೋಡುತ್ತಿದ್ದವರು ಈ ಪ್ರಯತ್ನ ವಿಫಲ ಎಂದು ಬರೆದುಬಿಡುತ್ತಿದ್ದರು. ಪಾಲಕರ ಮುಂದೆ ಮೂರೂ ಸಂಖ್ಯೆಗಳನ್ನು ಇಟ್ಟರು; ಬೇರೆ ಮಕ್ಕಳ ಹೆಸರು, ಸಮಾಜಮಿತಿಯ ಚೀಟಿಗಳನ್ನು ಇಡಲಿಲ್ಲ. ವರ್ಷದಿಂದ ವರ್ಷಕ್ಕೆ ಮಗುವಿನ ಜೊತೆ ಸಾಗುವ ಶಾಲೆಯ ಸಂಚಿತ ದಾಖಲೆಗೆ ಹೋದದ್ದು ಸಾರಾಂಶದ ನಾಲ್ಕು ಸಾಲು, ಘಟನಾ ದಾಖಲೆಗಳಲ್ಲ.

ಇಂಥ ವಿಧಾನಗಳು ಸಾಲದ ಪ್ರಕರಣಗಳಿವೆ. ಗಾಯವಾಗುವಷ್ಟು ಹೊಡೆತ, ದಿಢೀರನೆ ಬದಲಾದ ವರ್ತನೆ, ತನಗೆ ತಾನೇ ನೋವು ಮಾಡಿಕೊಳ್ಳುವ ಮಾತು, ಮನೆಯಲ್ಲಿ ಹಿಂಸೆಯ ಸುಳಿವು ಕಂಡರೆ ಕ್ಲಿಪ್ ಎಣಿಸುತ್ತ ಕೂರಬಾರದು. ಅದೇ ದಿನ ಮುಖ್ಯ ಶಿಕ್ಷಕರಿಗೆ, ಆಪ್ತ ಸಮಾಲೋಚಕರಿಗೆ ತಿಳಿಸಬೇಕು.

ಸಾಲಿನ ಸಂಖ್ಯೆ ಮೊದಲೂ ಮೂರು, ನಂತರವೂ ಮೂರು. ಹಾಗಾಗಿ ಒಂದು ವಾರ ಸಾಲಿನಲ್ಲಿ ಅವನೊಬ್ಬನದನ್ನೇ ಅಲ್ಲದೆ ಎಲ್ಲರ ತಳ್ಳುವಿಕೆಯನ್ನೂ ಎಣಿಸಿದರು: ಅವನು ಸೇರಿ ಒಂಬತ್ತು ಮಕ್ಕಳಿಂದ 26. ಅವನ ಪಾಲು ಅದೇ ಮೂರು. 34 ಮಕ್ಕಳು ಒಂದೇ ಕಿರಿದಾದ ಬಾಗಿಲಲ್ಲಿ ಒಟ್ಟಿಗೆ ನಿಲ್ಲುತ್ತಿದ್ದರು, ಮುಂದಿನವರು ಹೊರಡುವವರೆಗೆ ಹಿಂದಿನವರಿಗೆ ಮಾಡಲು ಏನೂ ಇರಲಿಲ್ಲ. ಸಾಲಿನ ವಿಷಯವನ್ನು ಹುಡುಗನ ಕಡತದಿಂದ ತೆಗೆದು, ಬೆಂಚಿನ ಸಾಲಿನಂತೆ ನಾಲ್ಕು ಕಂತಿನಲ್ಲಿ ಮಕ್ಕಳನ್ನು ಬಿಡುವ ಪ್ರಯೋಗವನ್ನು ತರಗತಿಯ ಯೋಜನೆಗೆ ಸೇರಿಸಲಾಯಿತು.